‘ಪ್ರೊಮೀಥಿಯಸ್’ ಚೆನ್ನಾಗಿದೆಯೋ ಇಲ್ಲವೋ: ನಮ್ಮ ಬಳಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನಾವೊಂದಿಷ್ಟು ಜನ ಸೇರಿ ಸಿನಿಮಾ ನೋಡುತ್ತೇವೆ. ಗೆಳೆಯನ ರೈಸ್ ಮಿಲ್ಲಿನ ಗೋದಾಮು, ಸುಣ್ಣ ಹೊಡೆದ ಗೋಡೆ, ಒಂದು ಪ್ರೊಜೆಕ್ಟರ್. ಬೇರೆ ಸಿನಿಮಾಗಳ ಚರ್ಚೆ ಮಂಡಕ್ಕಿ-ಮಿರ್ಚಿ ಖಾಲಿಯಾಗುವುದರೊಳಗೆ ಮುಗಿಯುತ್ತದೆ. ‘ಪ್ರೊಮೀಥಿಯಸ್’ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಏಳುತ್ತವೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆಯನ್ನು ಪೂರ್ತಿ ಬಿಚ್ಚಿಟ್ಟಿದ್ದೇನೆ, ನೋಡದವರು ಮೊದಲು ನೋಡಿ ಬನ್ನಿ.

ಇದು ಯಾವ ಸಿನಿಮಾದ ಹಿಂದಿನ ಕಥೆ?

ರಿಡ್ಲಿ ಸ್ಕಾಟ್ 1979ರಲ್ಲಿ ತೆಗೆದ ‘ಏಲಿಯನ್’ ಸಿನಿಮಾದ್ದು. ಅದರಲ್ಲಿ ನಾಸ್ಟ್ರೊಮೊ ಎಂಬ ಬಾಹ್ಯಾಕಾಶ ಹಡಗು ಸರಕು ಎಳೆದುಕೊಂಡು ಭೂಮಿಗೆ ವಾಪಸ್ ಬರುತ್ತಿರುತ್ತದೆ. ದಾರಿಯಲ್ಲಿ ಒಂದು ಸಿಗ್ನಲ್ ಸಿಗುತ್ತದೆ. ಏನದು ಅಂತ ನೋಡಲು ಇಳಿದವರಿಗೆ ಪಾಳುಬಿದ್ದ ಹಡಗೊಂದು ಕಾಣುತ್ತದೆ. ಒಳಗೆ ಭಾರೀ ಕುರ್ಚಿ, ಅದರಲ್ಲಿ ಕೂತಲ್ಲೇ ಸತ್ತು ಕಲ್ಲಿನಂತಾದ ದೈತ್ಯ ಜೀವಿ. ಎದೆಗೂಡು ಒಳಗಿನಿಂದ ಒಡೆದಿದೆ. ಅದು ಯಾರು, ಎಲ್ಲಿಂದ ಬಂತು, ಅಷ್ಟೊಂದು ಮೊಟ್ಟೆಗಳನ್ನು ಎಲ್ಲಿಗೆ ಒಯ್ಯುತ್ತಿತ್ತು, ಒಂದನ್ನೂ ಹೇಳುವುದಿಲ್ಲ. ಕಥೆ ಮುಂದೆ ಹೋಗಿಬಿಡುತ್ತದೆ.

ಆಮೇಲೆ 1986, 1992, 1997ರಲ್ಲಿ ಮೂರು ಸಿನಿಮಾ ಬಂದವು. ಕುರ್ಚಿಯಲ್ಲಿದ್ದವನು ಯಾರು ಅಂತ ಅವೂ ಹೇಳಲಿಲ್ಲ. 33 ವರ್ಷ ಕಳೆದ ಮೇಲೆ, 2012ರಲ್ಲಿ, ಸ್ಕಾಟ್ ತಾವೇ ವಾಪಸ್ ಬಂದು ಆ ಪ್ರಶ್ನೆಗೆ ಕೈ ಹಾಕಿದರು. ಅದೇ ‘ಪ್ರೊಮೀಥಿಯಸ್’. ಮನುಷ್ಯರನ್ನು ಹುಟ್ಟಿಸಿದವರನ್ನು ಹುಡುಕಿ ವಿಜ್ಞಾನಿಗಳ ತಂಡವೊಂದು ಆ ಹೆಸರಿನ ಹಡಗಿನಲ್ಲಿ ದೂರದ ಉಪಗ್ರಹಕ್ಕೆ ಹೋಗುವ ಕಥೆ. ಹುಟ್ಟಿಸಿದವರಿಗೆ ಸಿನಿಮಾ ಇಟ್ಟ ಹೆಸರು ಎಂಜಿನಿಯರ್‌ಗಳು, ಕುರ್ಚಿಯ ದೈತ್ಯ ಅವರಲ್ಲೊಬ್ಬ.

ಸರಿ, ಜಗಳ ಯಾತಕ್ಕೆ?

ಸಿನಿಮಾ ಎರಡು ದೋಣಿಯ ಮೇಲೆ ಕಾಲಿಟ್ಟಿದೆ. ಮೊದಲು ಜಾನ್ ಸ್ಪೇಟ್ಸ್ ಬರೆದ ಚಿತ್ರಕಥೆ ‘ಏಲಿಯನ್’ಗೆ ತುಂಬ ಹತ್ತಿರದ್ದು. ಆ ಮೊಟ್ಟೆ, ಅದರಿಂದ ಹುಟ್ಟಿ ಜನರನ್ನು ಕೊಲ್ಲುವ ಆ ಪ್ರಾಣಿ, ಎಲ್ಲ ಅದರಲ್ಲಿದ್ದವು. ಆಮೇಲೆ ಡೇಮನ್ ಲಿಂಡೆಲಾಫ್ ಬಂದು ಕಥೆಯನ್ನು ಬೇರೆ ಕಡೆ ತಿರುಗಿಸಿದರು. ನಮ್ಮನ್ನು ಹುಟ್ಟಿಸಿದವರು ಯಾರು ಎಂಬ ಪ್ರಶ್ನೆ ಮುಂದೆ ಬಂತು, ಹಳೆಯ ಪ್ರಾಣಿ ಹಿಂದೆ ಸರಿಯಿತು. ಇದರಲ್ಲಿ ‘ಏಲಿಯನ್’ ಸಿನಿಮಾದ ಡಿಎನ್‌ಎ ಎಳೆಗಳಿವೆ ಅಂತಷ್ಟೇ ಸ್ಕಾಟ್ ಹೇಳುತ್ತಿದ್ದರು. ಆದರೆ ಟ್ರೇಲರ್‌ನಲ್ಲಿ ‘ಏಲಿಯನ್’ನ ಪಾಳುಹಡಗಿನಂಥದ್ದೇ ಕುದುರೆಲಾಳದ ಆಕಾರದ ಹಡಗು ಇತ್ತು. ಅದನ್ನು ನೋಡಿದ ಅಭಿಮಾನಿ ಸುಮ್ನೆ ಇರುತ್ತಾನಾ?

ಪ್ರಾಣಿಗಾಗಿ ಹೋದವರಿಗೆ ದೇವರ ಪ್ರಶ್ನೆ ಸಿಕ್ಕಿತು. ದೇವರ ಪ್ರಶ್ನೆಗಾಗಿ ಕೂತವರಿಗೆ ಕೊನೆಯ ಅರ್ಧ ಗಂಟೆ ಓಟ, ಕೂಗಾಟ, ಬೆಂಕಿ ಸಿಕ್ಕಿತು. ಇಬ್ಬರಿಗೂ ಅರ್ಧ ಊಟ.

ಸಿನಿಮಾ ಸೋತಿದ್ದಕ್ಕೆ ಜಗಳ ಅಂದುಕೊಳ್ಳಬೇಡಿ. ಜಗತ್ತಿನಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿತು. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು. ಬೈಯುವವರೂ ಮತ್ತೆ ಮತ್ತೆ ನೋಡಿ ಬೈಯುತ್ತಾರೆ. ಇಷ್ಟವಿಲ್ಲದ ಸಿನಿಮಾಕ್ಕೆ ಯಾರೂ ಇಷ್ಟು ವರ್ಷ ಬಡಿದಾಡುವುದಿಲ್ಲ.

ಕುರ್ಚಿಯ ದೈತ್ಯ ಬರೀ ಸೂಟ್ ಹಾಕಿಕೊಂಡ ಬಿಳಿ ಮನುಷ್ಯ ಅಂದಿದ್ದು ಸರಿನಾ?

ನಮ್ಮಲ್ಲಿ ಅತಿ ಹೆಚ್ಚು ದನಿ ಏರುವುದು ಇಲ್ಲೇ.

1979ರ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ವಿನ್ಯಾಸ ಸ್ವಿಸ್ ಕಲಾವಿದ ಎಚ್.ಆರ್. ಗೀಗರ್ ಅವರದು. ಮೈ ಎಲ್ಲಿ ಮುಗಿಯಿತು, ಕುರ್ಚಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಎರಡೂ ಸೇರಿ ಬೆಳೆದಂತಿವೆ. ಅದು ಇನ್ನಷ್ಟು ದೊಡ್ಡದಾಗಿ ಕಾಣಲಿ ಅಂತ ಸ್ಕಾಟ್ ತಮ್ಮ ಮಕ್ಕಳಿಗೇ ಚಿಕ್ಕ ಸ್ಪೇಸ್‌ಸೂಟ್ ತೊಡಿಸಿ ಪಕ್ಕದಲ್ಲಿ ನಿಲ್ಲಿಸಿದ್ದರು. ಇಷ್ಟು ಕಷ್ಟಪಟ್ಟು ಕಟ್ಟಿದ ವಿಸ್ಮಯ ಅದು. ‘ಪ್ರೊಮೀಥಿಯಸ್’ನಲ್ಲಿ ಆ ಆನೆಸೊಂಡಿಲಿನ ಮುಖ ಹೆಲ್ಮೆಟ್ ಆಯಿತು. ಬಿಚ್ಚಿದರೆ ಒಳಗೆ ನಮ್ಮಂಥದ್ದೇ ಮೂಗು, ತುಟಿ, ಕಣ್ಣು. ಗಾತ್ರವೂ ಇಳಿಯಿತು.

ನನಗೂ ಇದು ನಷ್ಟವೇ. ಸಂಪೂರ್ಣ ಬೇರೆ ಎನಿಸುತ್ತಿದ್ದ ಜೀವ ನಮ್ಮ ನೆಂಟನಾಗಿಬಿಟ್ಟಿತು. ಅದೇ ಸಿನಿಮಾದ ವಿಷಯ ಅನ್ನುವವರ ವಾದವೂ ಗಟ್ಟಿಯಾಗಿದೆ. ನಮ್ಮನ್ನು ಮಾಡಿದವರು ನಮ್ಮ ಹಾಗೇ ಇದ್ದು, ನಮ್ಮನ್ನು ಕಂಡರೆ ಅವರಿಗೆ ಆಗುವುದಿಲ್ಲ ಅಂದರೆ ಅದು ಬೇರೆ ಥರದ ಭಯ. ಮೊಬೈಲ್ ಅಂಗಡಿ ಇಟ್ಟಿರುವ ನಮ್ಮ ಗೆಳೆಯನೊಬ್ಬ ಪ್ರತಿ ಸಲ ಇದೇ ಹೇಳುತ್ತಾನೆ: “ದೆವ್ವಕ್ಕೆ ಹೆದರೋದು ಸುಲಭ ಅಣ್ಣ, ಅಪ್ಪ ಮುಖ ತಿರುಗಿಸಿದ್ರೆ ಏನ್ ಮಾಡ್ತಿ?” ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ.

ಎಲ್‌ವಿ-223, ಎಲ್‌ವಿ-426 ಎರಡೂ ಒಂದೇ ಅಲ್ವಾ?

ಅಲ್ಲ. ಅವು ಎರಡು ಬೇರೆ ಬೇರೆ ಉಪಗ್ರಹಗಳು. ‘ಏಲಿಯನ್’ ನಡೆಯುವುದು 426ರಲ್ಲಿ, ‘ಪ್ರೊಮೀಥಿಯಸ್’ ನಡೆಯುವುದು 223ರಲ್ಲಿ. ಹಡಗೂ ಬೇರೆ, ಸತ್ತ ಎಂಜಿನಿಯರ್‌ಗಳೂ ಬೇರೆ. 1979ರಲ್ಲಿ ಅವನು ಕುರ್ಚಿಯಲ್ಲೇ ಸತ್ತಿದ್ದ. 2012ರಲ್ಲಿ ಕೊನೆಯ ಎಂಜಿನಿಯರ್ ಸಾಯುವುದು ಮನುಷ್ಯರ ಲೈಫ್‌ಬೋಟ್ ಒಳಗೆ. ಅರ್ಧ ಗಲಾಟೆ ಈ ಗೊಂದಲದಿಂದಲೇ ಹುಟ್ಟಿದ್ದು.

ವಿಜ್ಞಾನಿಗಳು ಯಾಕೆ ಅಷ್ಟು ದಡ್ಡತನ ಮಾಡುತ್ತಾರೆ?

ನಮ್ಮ ಬಳಗದ ನಿವೃತ್ತ ವಿಜ್ಞಾನ ಮಾಸ್ತರರು ಸಿನಿಮಾ ಬೇಡ ಅನ್ನುವುದು ಈ ಒಂದೇ ಕಾರಣಕ್ಕೆ. ಇದರಲ್ಲಿ ನಾನು ಪೂರ್ತಿ ಅವರ ಕಡೆ.

ಒಂದೊಂದೇ ನೋಡಿ. ಹೊಸ ಜಗತ್ತಿಗೆ ಇಳಿದ ದಿನವೇ ಪುರಾತತ್ವಜ್ಞ ಹಾಲೋವೇ ಹೆಲ್ಮೆಟ್ ತೆಗೆಯುತ್ತಾನೆ. ಗಾಳಿ ಉಸಿರಾಡಲು ಬರುತ್ತದೆ ಅಂತ ಯಂತ್ರ ಹೇಳಿತು, ಸರಿ. ರೋಗಾಣುವಿನ ಮಾತು ಯಾರ ಬಾಯಲ್ಲೂ ಇಲ್ಲ. ಭೂವಿಜ್ಞಾನಿ ಫಿಫೀಲ್ಡ್ ಹಾರುವ ಗೋಲಿಗಳನ್ನು ಬಿಟ್ಟು ಇಡೀ ಸುರಂಗದ ನಕ್ಷೆ ಮಾಡಿಸುತ್ತಾನೆ, ಆಮೇಲೆ ದಾರಿ ತಪ್ಪುವವನೂ ಅವನೇ. ಜೀವವಿಜ್ಞಾನಿ ಮಿಲ್‌ಬರ್ನ್ ಸತ್ತ ಹೆಣ ನೋಡಿ ಹೆದರಿ ಹೊರಡುತ್ತಾನೆ. ಆಮೇಲೆ ಹೆಡೆ ಎತ್ತಿದ ಜೀವಂತ ಪ್ರಾಣಿ ಎದುರಾದರೆ ಅದಕ್ಕೆ ಕೈ ಚಾಚಿ ಮುದ್ದು ಮಾಡುತ್ತಾನೆ. ಹೊಲದಲ್ಲಿ ಹೆಡೆ ಕಂಡರೆ ನಮ್ಮ ಊರಿನ ಸಣ್ಣ ಮಕ್ಕಳೂ ಹಿಂದೆ ಸರಿಯುತ್ತಾರೆ.

ಇದಕ್ಕಿಂತ ನನಗೆ ಜಾಸ್ತಿ ನೋವು ಕೊಡುವುದು ಆ ತಲೆಯ ದೃಶ್ಯ. ಸುಮಾರು 2000 ವರ್ಷ ಹಳೆಯ ಎಂಜಿನಿಯರ್ ತಲೆ ಸಿಕ್ಕಿದೆ. ಮನುಷ್ಯಕುಲಕ್ಕೆ ಸಿಕ್ಕ ಅತಿ ದೊಡ್ಡ ಸಾಕ್ಷ್ಯ ಅದು. ಹಡಗಿಗೆ ತಂದ ಸ್ವಲ್ಪ ಹೊತ್ತಿಗೇ ಅದಕ್ಕೆ ಕರೆಂಟ್ ಕೊಡುತ್ತಾರೆ. ಚರ್ಮ ಅದುರುತ್ತದೆ, ಮುಖ ಉಬ್ಬುತ್ತದೆ, ಸಿಡಿದು ಹೋಗುತ್ತದೆ. ಇವರಲ್ಲಿ ಮುಖ್ಯಪಾತ್ರ ಎಲಿಜಬೆತ್ ಶಾ ಪುರಾತತ್ವಜ್ಞೆ!

ನಮ್ಮ ಭಾಗದವರಿಗೆ ಇದು ಹೆಚ್ಚು ಚುಚ್ಚಬೇಕು. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡವನ್ನೇ ತಗೊಳ್ಳಿ. 1940ರ ದಶಕದಲ್ಲಿ ಪುರಾತತ್ವಜ್ಞ ಸುಬ್ಬರಾವ್ ಅಲ್ಲಿ ಅಗೆದರು. ದಶಕಗಳಾದ ಮೇಲೆ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅದೇ ಗುಡ್ಡಕ್ಕೆ ಮರಳಿ, ಬೂದಿ, ಕಾಳು, ಕಲ್ಲಿನ ಚಕ್ಕೆ ಎಲ್ಲವನ್ನೂ ಹೊಸದಾಗಿ ನೋಡಿದರು. ಮಣ್ಣನ್ನು ಪದರ ಪದರವಾಗಿ ತೆಗೆಯುವುದು, ಅಳೆಯುವುದು, ಬರೆದಿಡುವುದು, ಅರ್ಧ ಜಾಗವನ್ನು ಮುಂದಿನವರಿಗೆ ಮುಟ್ಟದೆ ಬಿಡುವುದು, ಆ ಕೆಲಸ ಹಾಗಿರುತ್ತದೆ. ಆ ಕುತೂಹಲಕ್ಕೆ ತಾಳ್ಮೆ ಜೊತೆಗೇ ಬರುತ್ತದೆ. ಸಿನಿಮಾದ ವಿಜ್ಞಾನಿಗಳು ಎರಡು ವರ್ಷ ನಿದ್ದೆಯಲ್ಲಿ ಪ್ರಯಾಣ ಮಾಡಿ ಬಂದು ಒಂದು ಮಧ್ಯಾಹ್ನ ಕಾಯಲಾರದೆ ಹೋಗುತ್ತಾರೆ.

ಉತ್ತರ ಕೊಡಲಿಲ್ಲ ಅಂತ ಈ ಸಿನಿಮಾವನ್ನು ಬೈಯುವವರ ಜೊತೆ ನಾನಿಲ್ಲ. ಪ್ರಶ್ನೆ ಕೇಳುವವರನ್ನೇ ಹಗುರ ಮಾಡಿದ್ದು ನನ್ನ ತಕರಾರು. ಅಷ್ಟು ದೊಡ್ಡ ಪ್ರಶ್ನೆಯನ್ನು ಹೊತ್ತು ಹೋದವರಿಗೆ ಅದರ ಭಾರ ಗೊತ್ತಿರಬೇಕಿತ್ತು.

ಉರುಳುವ ಹಡಗಿನ ಮುಂದೆ ನೇರ ಓಡಿದ್ದು? ಪಕ್ಕಕ್ಕೆ ಸರಿದರೆ ಸಾಕಿತ್ತಲ್ಲ?

ಸಾಕಿತ್ತು. ಶಾ ಎಡವಿ ಬಿದ್ದು ಪಕ್ಕಕ್ಕೆ ಉರುಳಿ ಬದುಕುತ್ತಾಳೆ, ಯಾತ್ರೆಯ ಮೇಲ್ವಿಚಾರಕಿ ವಿಕರ್ಸ್ ಉಳಿಯುವುದಿಲ್ಲ. ಗಾಬರಿಯಲ್ಲಿ ಜನ ಹಾಗೆ ಓಡುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪುತ್ತೇನೆ. ಈ ಒಂದು ದೃಶ್ಯವನ್ನು ಇಷ್ಟು ಎಳೆಯುವುದು ಬೇಡ.

ಎಂಜಿನಿಯರ್‌ಗಳ ಜಾಗದಲ್ಲಿ ಸಿಕ್ಕ ಆ ಕಪ್ಪು ದ್ರವವನ್ನು ಹಾಲೋವೇಗೆ ಡೇವಿಡ್ ಕುಡಿಸಿದ್ದು ಯಾಕೆ?

ಡೇವಿಡ್ ಮನುಷ್ಯರು ಮಾಡಿದ ಆಂಡ್ರಾಯ್ಡ್. ಪಾತ್ರ ಮಾಡಿದವರು ಮೈಕೆಲ್ ಫಾಸ್‌ಬೆಂಡರ್. ಸಿನಿಮಾ ಇಷ್ಟಪಡುವವರು, ಪಡದವರು ಇಬ್ಬರೂ ಒಪ್ಪುವ ಒಂದೇ ವಿಷಯ ಇವರ ನಟನೆ.

ಆ ದೃಶ್ಯವನ್ನು ನಿಧಾನ ನೋಡಿ. ಹಾಲೋವೇ ಬೇಜಾರಿನಲ್ಲಿ ಒಬ್ಬನೇ ಕುಡಿಯುತ್ತಿದ್ದಾನೆ. ತಮ್ಮನ್ನು ಮಾಡಿದವರನ್ನು ಜೀವಂತ ಕಾಣಬೇಕು ಅಂತ ಬಂದವನು, ಹೆಣ ಮಾತ್ರ ಸಿಕ್ಕವು. ಡೇವಿಡ್ ಬಾಟಲಿ ಹಿಡಿದು ಬರುತ್ತಾನೆ. ನಿಮ್ಮವರು ನನ್ನನ್ನು ಯಾಕೆ ಮಾಡಿದರು ಅಂತ ಕೇಳುತ್ತಾನೆ. ಮಾಡಲು ಆಗುತ್ತಿತ್ತು, ಮಾಡಿದೆವು ಅಂತ ಹಾಲೋವೇ ಹೇಳುತ್ತಾನೆ. ಇದೇ ಮಾತನ್ನು ನಿಮ್ಮನ್ನು ಮಾಡಿದವರು ನಿಮಗೆ ಹೇಳಿದರೆ ಹೇಗಿರುತ್ತದೆ, ಯೋಚಿಸಿ ಅಂತ ಡೇವಿಡ್ ತಣ್ಣಗೆ ಅನ್ನುತ್ತಾನೆ. ಹಾಲೋವೇಗೆ ಅದು ನಾಟುವುದೇ ಇಲ್ಲ. ಉತ್ತರ ಸಿಗಬೇಕಾದರೆ ಎಲ್ಲಿಯವರೆಗೆ ಹೋಗುತ್ತೀರಿ ಅಂತ ಡೇವಿಡ್ ಮತ್ತೆ ಕೇಳುತ್ತಾನೆ. ಏನು ಬೇಕಾದರೂ ಮಾಡುತ್ತೇನೆ ಅನ್ನುತ್ತಾನೆ ಇವನು. ಆಗ ಡೇವಿಡ್‌ನ ಬೆರಳ ತುದಿ ಗ್ಲಾಸಿನ ಮೇಲೆ ಬರುತ್ತದೆ. ಬೆರಳಿಗೆ ಅಂಟಿದ ಕಪ್ಪು ಚುಕ್ಕೆ ಪಾನೀಯಕ್ಕೆ ಇಳಿಯುತ್ತದೆ.

ಹೊರಗಿನ ಕಾರಣ ಇದು: ಅವನ ಯಜಮಾನ ವೇಲ್ಯಾಂಡ್‌ಗೆ ಸಾವಿನಿಂದ ತಪ್ಪಿಸಿಕೊಳ್ಳಬೇಕು. ಇನ್ನೂ ಜಾಸ್ತಿ ಪ್ರಯತ್ನಿಸು ಅಂತ ಆಜ್ಞೆ ಬಂದಿದೆ. ದ್ರವ ಏನು ಮಾಡುತ್ತದೆ ಅಂತ ಯಾರ ಮೇಲಾದರೂ ನೋಡಬೇಕು. ಒಳಗಿನ ಕಾರಣವನ್ನು ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಾಲೋವೇ ಇಡೀ ದಾರಿ ಡೇವಿಡ್‌ನನ್ನು ಹೀಯಾಳಿಸಿದ್ದಾನೆ. ಅವನು ತಾನಾಗಿ ಒಪ್ಪಿಗೆ ಕೊಡುವವರೆಗೆ ಡೇವಿಡ್ ಕಾದ. ಈ ಒಂದು ದೃಶ್ಯದ ಮಟ್ಟಕ್ಕೆ ಉಳಿದ ಚಿತ್ರಕಥೆ ಬಂದಿದ್ದರೆ ನಮ್ಮಲ್ಲಿ ಎರಡು ಪಕ್ಷಗಳೇ ಇರುತ್ತಿರಲಿಲ್ಲ.

ವಿಕರ್ಸ್ ಹೆಣ್ಣು. ಅವಳ ಕೋಣೆಯ ಆಪರೇಷನ್ ಯಂತ್ರ ಗಂಡಸರಿಗೆ ಮಾತ್ರ ಅನ್ನುತ್ತದಲ್ಲ, ಇದು ತಪ್ಪಲ್ವಾ?

ಸುಳಿವು ಅದು. ಯಂತ್ರ ಇಟ್ಟಿದ್ದು ಹಡಗಿನಲ್ಲಿ ಅಡಗಿ ಕೂತಿದ್ದ ಮುದುಕ ವೇಲ್ಯಾಂಡ್‌ಗಾಗಿ. ವೇಲ್ಯಾಂಡ್ ಇನ್ನೂ ಬದುಕಿದ್ದಾನೆ ಅಂತ ನಮಗೆ ಗೊತ್ತಾಗುವುದು ಆಮೇಲೆ. ಶಾ ಅದೇ ಯಂತ್ರದೊಳಗೆ ಮಲಗಿ ತನ್ನ ಹೊಟ್ಟೆಯಲ್ಲಿ ಬೆಳೆಯುತ್ತಿರುವುದನ್ನು ತೆಗೆಸಿಕೊಳ್ಳುತ್ತಾಳೆ. ಹೊಲಿಗೆಯ ಬದಲು ಸ್ಟೇಪ್ಲರ್ ಪಿನ್ನು. ಗೋದಾಮಿನಲ್ಲಿ ಎಲ್ಲರೂ ಕಾಲು ಮಡಚಿ ಕೂರುವ ಹೊತ್ತು ಇದೇ. ಶಾ ಪಾತ್ರ ಮಾಡಿದ ನೂಮಿ ರಪಾಸ್ ಮುಖದಲ್ಲಿ ಆ ನೋವು ಸುಳ್ಳಲ್ಲ ಅನಿಸುತ್ತದೆ.

ಎಂಜಿನಿಯರ್‌ಗಳಿಗೆ ನಮ್ಮ ಮೇಲೆ ಸಿಟ್ಟು ಯಾಕೆ?

ಸಿನಿಮಾದಲ್ಲಿ ಉತ್ತರವಿಲ್ಲ. ಸುಮಾರು 2000 ವರ್ಷಗಳ ಹಿಂದೆ ಅವರು ಭೂಮಿಯ ಕಡೆ ಹೊರಡಲು ಸಿದ್ಧವಾಗಿದ್ದರು, ನಮ್ಮನ್ನು ಅಳಿಸಲು. ಅಷ್ಟರಲ್ಲಿ ಅವರ ದ್ರವವೇ ಅವರನ್ನು ತಿಂದಿತು. ಆ 2000 ವರ್ಷದ ಲೆಕ್ಕ ನೋಡಿ ಅಭಿಮಾನಿಗಳು ಯೇಸುವಿನ ಕಾಲಕ್ಕೆ ಹೋದರು. ಯೇಸು ಅವರು ಕಳಿಸಿದ ದೂತ, ಅವನನ್ನು ನಾವು ಶಿಲುಬೆಗೇರಿಸಿದೆವು ಎಂಬ ಯೋಚನೆ ತಮ್ಮ ಚರ್ಚೆಯಲ್ಲಿ ಬಂದಿತ್ತು, ತೀರಾ ನೇರವಾಯಿತು ಅಂತ ಬಿಟ್ಟೆವು ಎಂದು ಸ್ಕಾಟ್ 2012ರಲ್ಲೇ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಬಿಟ್ಟಿದ್ದು ಒಳ್ಳೆಯದಾಯಿತು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಸಿನಿಮಾ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಎಚ್ಚರವಾದ ಎಂಜಿನಿಯರ್‌ಗೆ ಡೇವಿಡ್ ಏನು ಹೇಳುತ್ತಾನೆ?

ಸಿನಿಮಾದಲ್ಲಿ ಸಬ್‌ಟೈಟಲ್ ಇಲ್ಲ. ಆ ಮಾತುಗಳನ್ನು ಕಟ್ಟಿಕೊಟ್ಟ ಭಾಷಾತಜ್ಞ ಅನಿಲ್ ಬಿಲ್ಟೂ ಆಮೇಲೆ ಅರ್ಥ ತಿಳಿಸಿದ್ದಾರೆ: ಈ ಮನುಷ್ಯನಿಗೆ ಸಾಯಲು ಇಷ್ಟವಿಲ್ಲ, ನೀವು ಇನ್ನಷ್ಟು ಆಯುಷ್ಯ ಕೊಡಬಲ್ಲಿರಿ ಅಂತ ನಂಬಿ ಬಂದಿದ್ದಾನೆ. ಎಂಜಿನಿಯರ್ ಡೇವಿಡ್‌ನ ತಲೆ ನೇವರಿಸುತ್ತಾನೆ, ಆಮೇಲೆ ಕಿತ್ತು ಹಾಕುತ್ತಾನೆ. ಚಿತ್ರೀಕರಣವಾಗಿದ್ದ ಉದ್ದದ ಆವೃತ್ತಿಯಲ್ಲಿ ಎಂಜಿನಿಯರ್ ಕೂಡ ಮಾತಾಡುತ್ತಾನೆ, ಡಿಸ್ಕ್‌ನ ಕತ್ತರಿಸಿದ ದೃಶ್ಯಗಳಲ್ಲಿ ಅದಿದೆ. ಮಾತಿಲ್ಲದ ಈಗಿನ ದೃಶ್ಯವೇ ನನಗೆ ಇಷ್ಟ.

ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲಿನ ಮನೆಗಳನ್ನೂ ಹೀಗೇ ಮೇಲಿನಿಂದ ಬಂದವರು ಕಟ್ಟಿದರಾ?

ಸಿನಿಮಾ ನೋಡಿದ ಹುಡುಗರು ಪ್ರತಿ ಸಲ ಕೇಳುತ್ತಾರೆ. ಕೇಳುವುದು ಸಹಜವೇ. ಸಿನಿಮಾ ಗುಹೆಯ ಚಿತ್ರಗಳಿಂದಲೇ ಕಥೆ ಎಳೆಯುತ್ತದೆ. 2089ರಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗುಹೆಯಲ್ಲಿ ನಕ್ಷತ್ರಗಳ ಕಡೆ ಬೆರಳು ತೋರಿಸುವ ದೈತ್ಯನ ಚಿತ್ರ ಸಿಗುತ್ತದೆ. ನಮ್ಮ ಹಿರೇಬೆಣಕಲ್ ಗುಡ್ಡದಲ್ಲೂ ಬಂಡೆ ಚಿತ್ರಗಳಿವೆ: ಬೇಟೆ, ಕುಣಿತ, ಪ್ರಾಣಿಗಳು. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೂ ಇದೆ. ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ಮನೆಯಂಥ ಸಮಾಧಿಗಳು, ನಾನೂರರಷ್ಟು. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ. ಊರವರು ಇದನ್ನು ಮೊರೇರ ಗುಡ್ಡ ಅನ್ನುತ್ತಾರೆ. ಹಿಂದೆ ಅಲ್ಲಿ ಗಿಡ್ಡ ಜನ ಇದ್ದರು ಅಂತ ಅಜ್ಜಿಯರು ಕಥೆ ಹೇಳುತ್ತಾರೆ.

ಆ ಕಥೆ ನನಗೆ ಪ್ರೀತಿಯದು. ಆದರೆ ಕಟ್ಟಿದವರು ಇಲ್ಲಿಯ ಮನುಷ್ಯರೇ. ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಕಬ್ಬಿಣಯುಗದ ಕೆಲಸ ಅನ್ನುತ್ತಾರೆ ತಿಳಿದವರು. ಕಲ್ಲು ಅದೇ ಗುಡ್ಡದ ಗ್ರಾನೈಟ್. ಅದನ್ನು ಸೀಳಿ, ಎತ್ತಿ, ನಿಲ್ಲಿಸಿದ ಕೈಗಳು ನಮ್ಮ ಹಿಂದಿನವರವು. ಅನ್ಯಲೋಕದವರು ಬಂದು ಕಟ್ಟಿಕೊಟ್ಟರು ಅಂದರೆ ಅವರ ಬೆವರನ್ನು ಕಿತ್ತು ಬೇರೆಯವರಿಗೆ ಕೊಟ್ಟಂತೆ. ಲೇಖಕ ಎರಿಕ್ ಫಾನ್ ಡೆನಿಕನ್ ಹಬ್ಬಿಸಿದ ಅಂಥ ವಾದ ಸ್ಕಾಟ್ ಅವರಿಗೆ ಕಥೆಗೆ ಒದಗಿತು. ಕಥೆಗೆ ಸಾಕು, ಗುಡ್ಡಕ್ಕೆ ಬೇಡ. ಈ ಜಾಗ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಹುಡುಗರೇ, ಹತ್ತುವಾಗ ನೀರು ಒಯ್ಯಿರಿ, ಚಪ್ಪಡಿಗಳ ಮೇಲೆ ಹೆಸರು ಕೆತ್ತಬೇಡಿ.

ಮಕ್ಕಳಿಗೆ ತೋರಿಸಬಹುದಾ?

ಬೇಡ. ಅಮೆರಿಕದಲ್ಲೂ ಇದಕ್ಕೆ ಆರ್ ರೇಟಿಂಗ್ ಇದೆ, ಅಂದರೆ 17 ವರ್ಷದೊಳಗಿನವರು ದೊಡ್ಡವರಿಲ್ಲದೆ ನೋಡುವಂತಿಲ್ಲ.

ಈ ಸರಣಿಯ ಸಿನಿಮಾಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ಕಥೆಯ ಕಾಲದ ಪ್ರಕಾರ ‘ಪ್ರೊಮೀಥಿಯಸ್’ 2093, ‘ಕವೆನೆಂಟ್’ 2104, ‘ಏಲಿಯನ್’ 2122, ‘ರೋಮ್ಯುಲಸ್’ 2142, ‘ಏಲಿಯನ್ಸ್’ 2179. ದಯವಿಟ್ಟು ಈ ಕ್ರಮ ಹಿಡಿಯಬೇಡಿ. ಮೊದಲು 1979ರದ್ದನ್ನೇ ನೋಡಿ. ಆ ಕುರ್ಚಿಯ ಮುಂದೆ ಏನೂ ಗೊತ್ತಿಲ್ಲದೆ ನಿಲ್ಲುವ ಅನುಭವ ಒಂದೇ ಸಲ ಸಿಗುತ್ತದೆ. ‘ಪ್ರೊಮೀಥಿಯಸ್’ ಮೊದಲು ನೋಡಿದವರಿಗೆ ಅದು ತಪ್ಪಿಹೋಗುತ್ತದೆ.

ಬಿಟ್ಟ ಪ್ರಶ್ನೆಗಳಿಗೆ ‘ಕವೆನೆಂಟ್’ ಉತ್ತರ ಕೊಡುತ್ತದಾ?

ಕೆಲವಕ್ಕೆ ಕೊಡುತ್ತದೆ, ಬಹಳ ಜನರಿಗೆ ಬೇಡವಾದ ರೀತಿಯಲ್ಲಿ. ‘ಪ್ರೊಮೀಥಿಯಸ್’ ಮುಗಿಯುವಾಗ ಶಾ ಡೇವಿಡ್‌ನ ತಲೆಯನ್ನು ಚೀಲದಲ್ಲಿ ಹಾಕಿಕೊಂಡು, ಎಂಜಿನಿಯರ್‌ಗಳ ಊರು ಹುಡುಕಿ ಹೊರಡುತ್ತಾಳೆ. ಎಂಥ ಧೈರ್ಯದ ಕೊನೆ ಅದು. 2017ರ ‘ಕವೆನೆಂಟ್’ ಶುರುವಾಗುವ ಹೊತ್ತಿಗೆ ಅವಳು ಸತ್ತಿದ್ದಾಳೆ. ಡೇವಿಡ್ ಎಂಜಿನಿಯರ್‌ಗಳ ಮೇಲೇ ಕಪ್ಪು ದ್ರವ ಸುರಿದು ಅವರನ್ನು ಮುಗಿಸಿದ್ದಾನೆ. ಆ ಹಳೆಯ ಪ್ರಾಣಿ ಅವನ ಪ್ರಯೋಗದ ಕೂಸಾಗುತ್ತದೆ.

‘ಪ್ರೊಮೀಥಿಯಸ್’ನಲ್ಲಿ ಪ್ರಾಣಿ ಇಲ್ಲ ಅಂತ ಬೈದವರನ್ನು ಸಮಾಧಾನ ಮಾಡಲು ಹೋಗಿ, ಪ್ರಶ್ನೆ ಇಷ್ಟಪಟ್ಟವರ ಕೈ ಬಿಟ್ಟರು. ನನಗೆ ಇದರಲ್ಲಿ ಶಾಳ ಸಾವು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಅವಳೊಬ್ಬಳೇ ಇಷ್ಟೆಲ್ಲ ಆದಮೇಲೂ ಯಾಕೆ ಅಂತ ಕೇಳುತ್ತಲೇ ಇದ್ದವಳು.

ಮೊದಲ ಸಲ ಇಷ್ಟವಾಗಲಿಲ್ಲ. ಎರಡನೇ ಸಲ ನೋಡಿದರೆ ಏನು ಗಮನಿಸಲಿ?

ಮೊದಲ ಹತ್ತು ನಿಮಿಷವನ್ನು ದೊಡ್ಡ ಪರದೆಯಲ್ಲಿ ನೋಡಿ. ಐಸ್‌ಲ್ಯಾಂಡಿನ ಡೆಟಿಫಾಸ್ ಜಲಪಾತದ ಅಂಚಿನಲ್ಲಿ ಎಂಜಿನಿಯರ್ ದ್ರವ ಕುಡಿದು ಕರಗುವುದು, ಅವನ ಚೂರುಗಳು ನೀರಿಗೆ ಸೇರುವುದು. ಆಮೇಲೆ ಎಲ್ಲರೂ ಮಲಗಿರುವಾಗ ಡೇವಿಡ್ ಒಬ್ಬನೇ ಹಡಗಿನಲ್ಲಿ ಓಡಾಡುವ ಭಾಗ. ಸೈಕಲ್ ಮೇಲೆ ಬಾಸ್ಕೆಟ್‌ಬಾಲ್ ಆಡುತ್ತಾನೆ, ಹಳೆಯ ಸಿನಿಮಾದ ನಾಯಕನನ್ನು ನೋಡಿ ಕೂದಲು ತಿದ್ದಿಕೊಳ್ಳುತ್ತಾನೆ. ಸೆಟ್‌ಗಳ ಕಡೆಗೂ ಕಣ್ಣಿಡಿ. ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊದಲ್ಲಿ ಬಹಳಷ್ಟನ್ನು ನಿಜವಾಗಿ ಕಟ್ಟಿದ್ದರು, ಅದಕ್ಕೇ ಗೋಡೆಗಳಿಗೆ ತೂಕವಿದೆ. ಕೊನೆಗೆ ನಕ್ಷತ್ರ ನಕ್ಷೆಯ ದೃಶ್ಯ: ಬೆಳಕಿನ ಗೋಳಗಳ ನಡುವೆ ಡೇವಿಡ್ ನಿಂತು ಭೂಮಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಅವನ ಮುಖ ಮಾತ್ರ ನೋಡಿ. ಆಮೇಲೂ ಇಷ್ಟವಾಗದಿದ್ದರೆ ಗೋದಾಮಿಗೆ ಬನ್ನಿ, ಮಾಸ್ತರರ ಪಕ್ಕ ಜಾಗವಿದೆ.